ಅಂಪೈರ್ ಯಾರಿಗೆ ಸಮಾನ?

ನಮಸ್ಕಾರ. ಕಳೆದ ಸಂಚಿಕೆಯನ್ನು ಕೇಳಿದ ಒಬ್ಬರು, ‘ಸಮಾನವಲ್ಲದ್ದು ಎಂದರೆ ಕೀಳು ಎಂದೇ ಅರ್ಥ, ಇಂಗ್ಲಿಷಿನಲ್ಲೂ ಅಷ್ಟೇ, ಇದರಲ್ಲಿ ಕೆದಕುವುದಕ್ಕೆ ಏನಿದೆ’ ಎಂದು ಬರೆದಿದ್ದಾರೆ. ಎರಡು ದಿನಗಳಿಂದ ಈ ಮಾತು ನನ್ನನ್ನು ಕೊರೆಯುತ್ತಿದೆ. ಸಮಾನವಲ್ಲದ್ದು ಕೀಳಲ್ಲ.

ಅಂಪೈರ್ ಎಂಬ ಪದವನ್ನೇ ನೋಡಿ. ಹಳೆಯ ಫ್ರೆಂಚಿನ ‘ನೋಂಪೇರ್’ ಎಂದರೆ ಸಮನಲ್ಲದವನು, ಜೋಡಿಗೆ ಸೇರದವನು. ಇಂಗ್ಲಿಷಿನವರು ‘ಎ ನೂಂಪೇರ್’ ಎನ್ನುತ್ತಾ ಎನ್ನುತ್ತಾ ಮೊದಲಿನ ನಕಾರ ಹಿಂದಿನ ‘ಎ’ಗೆ ಅಂಟಿಕೊಂಡು, ಪದ ತಲೆಯನ್ನೇ ಕಳೆದುಕೊಂಡು ‘ಆ್ಯನ್ ಅಂಪೈರ್’ ಆಯಿತು. ಜಗಳವಾಡುವ ಇಬ್ಬರಲ್ಲಿ ಯಾರಿಗೂ ಜೊತೆಯಾಗದ ಮೂರನೆಯವನ ಕೈಯಲ್ಲಿ ತೀರ್ಪು. ನಮ್ಮ 1940ರ ಮಧ್ಯಸ್ಥಿಕೆ ಕಾಯ್ದೆಯೂ, ಬೇರೆ ಒಪ್ಪಂದವಿಲ್ಲದಿದ್ದರೆ, ಮಧ್ಯಸ್ಥಗಾರರು ಸರಿಸಂಖ್ಯೆಯಲ್ಲಿದ್ದಾಗ ಅವರೇ ಒಂದು ತಿಂಗಳೊಳಗೆ ಒಬ್ಬ ಅಂಪೈರನ್ನು ನೇಮಿಸಬೇಕು ಎಂದಿತ್ತು. ಹೀಗೆ ತೀರ್ಪು ಕೊಡುವವನು ಕೀಳಾಗುವುದು ಹೇಗೆ?

ಬೆಸ ಸಂಖ್ಯೆಗೆ ಹೇಳುವ ‘ಆಡ್’ ಬಂದದ್ದು ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ ‘ಒಡ್ಡಿ’ಯಿಂದ. ಅದು ತ್ರಿಕೋನ: ತಳದಲ್ಲಿ ಎರಡು ಮೂಲೆಗಳ ಜೋಡಿ, ಮೇಲೆ ಒಂಟಿಯಾಗಿ ಚಾಚಿದ ತುದಿ. ಮತಗಳು ಸಮಸಮವಾದಾಗ ನಿರ್ಣಯಿಸುವ ಮೂರನೆಯವನಿಗೆ ಆ ನಾರ್ಸ್ ಭಾಷೆಯಲ್ಲಿದ್ದ ಹೆಸರೂ ಇದೇ ಪದದಿಂದ ಹುಟ್ಟಿತು. 1992ರಲ್ಲಿ ಡರ್ಬನ್‌ನಲ್ಲಿ ಸಚಿನ್ ತೆಂಡೂಲ್ಕರ್ ರನೌಟ್ ಎಂದು ಟಿವಿ ನೋಡಿ ತೀರ್ಮಾನಿಸಿದ್ದು ಮೂರನೆಯ ಅಂಪೈರೇ! ಜೋಡಿಯಿಲ್ಲದವನು ಕೀಳಲ್ಲ, ಕೊನೆಯ ಮಾತು ಅವನದು.

ಹಾಗಾದರೆ ‘ಇನಿಕ್ವಿಟಿ’ಯ ಗತಿಯೇನು ಎಂದು ಕೇಳುವವರಿದ್ದೀರಿ. ಸಮವಲ್ಲದ್ದು ಎಂಬ ಲ್ಯಾಟಿನ್ ಮೂಲದಿಂದಲೇ ಬಂದು ಅದು ಅನ್ಯಾಯ, ಪಾಪ ಎಂಬ ಅರ್ಥ ಪಡೆಯಿತು, ನಿಜ. ಆದರೆ ಅಲ್ಲಿ ಪಾಪ ಯಾರದು? ತಕ್ಕಡಿಯನ್ನು ಓರೆಯಾಗಿ ಹಿಡಿದವನದು, ಕಡಿಮೆ ತೂಗಿಸಿಕೊಂಡು ಮನೆಗೆ ಹೋದವನದಲ್ಲ. ಈ ಆಕ್ಷೇಪವೂ ನನ್ನ ಪಕ್ಷಕ್ಕೇ ಸಾಕ್ಷಿ ಹೇಳುತ್ತದೆ, ಅದನ್ನು ಇಲ್ಲಿಗೇ ಬಿಡೋಣ.

ಅಷ್ಟು ದೂರವೂ ಬೇಡ. ‘ಅಸಮಾನ ಪರಾಕ್ರಮಿ’ ಎಂದು ಹೊಗಳುವವರು ನಾವೇ ತಾನೇ? ಆ ‘ಅಸಮಾನ’ದಲ್ಲಿ ಕೀಳುತನ ಎಲ್ಲಿದೆ? ಅದಕ್ಕೆ ‘ತೆ’ ಸೇರಿಸಿದ ಕೂಡಲೇ ತಲೆ ತಗ್ಗಿಸಬೇಕೆಂದು ಯಾರು ಹೇಳಿದರು? ಕೀಳಲ್ಲ, ಖಂಡಿತ ಕೀಳಲ್ಲ, ನೂರು ಜನ ಬರೆದರೂ ನಾನು ಇದನ್ನೇ ಹೇಳುತ್ತೇನೆ! ಒಪ್ಪದವರು ಕೆಳಗೆ ಬರೆಯಿರಿ, ಚಾನೆಲ್ಲಿಗೆ ಚಂದಾದಾರರಾಗಿ; ‘ನೋಂಪೇರ್’ನಲ್ಲಿರುವ, ಸಮ ಎಂಬರ್ಥದ ‘ಪೇರ್’ನಿಂದಲೇ ಹುಟ್ಟಿದ ‘ಪಿಯರ್’ ಬ್ರಿಟನ್ನಿನ ಶ್ರೀಮಂತ ಪ್ರಭುಗಳ ಬಿರುದಾದ ಕಥೆಯನ್ನು ಮುಂದಿನ ವಾರ ಹೇಳುತ್ತೇನೆ.