ಆಷಾಢದಲ್ಲಿ ಕೈಗೆ ಎಷ್ಟು ಬರುತ್ತದೆ?

ಕೇಳುಗರಿಗೆಲ್ಲ ನಮಸ್ಕಾರ.

ಡಿಗ್ರಿ ಮುಗಿಸಿದವರಿಗೆ ಬೇಗ ಸಿಗುವ ಕೆಲಸಗಳಲ್ಲಿ ಕಾರು ಶೋರೂಮಿನ ಸೇಲ್ಸ್ ಕೆಲಸವೂ ಒಂದು. ಹುಬ್ಬಳ್ಳಿ, ದಾವಣಗೆರೆ, ಮೈಸೂರು, ಯಾವ ಊರಾದರೂ ಸರಿ, ಹೊರಗಿನ ಹೆದ್ದಾರಿಗೆ ಬಂದರೆ ಗಾಜಿನ ಶೋರೂಮುಗಳು ಸಾಲಾಗಿ ನಿಂತಿರುತ್ತವೆ. ಯಾವುದಾದರೊಂದರ ಬಾಗಿಲಲ್ಲಿ ‘ಸೇಲ್ಸ್ ಎಕ್ಸಿಕ್ಯೂಟಿವ್ ಬೇಕಾಗಿದ್ದಾರೆ’ ಅನ್ನುವ ಬೋರ್ಡು ಇರುತ್ತದೆ. ಇಂಟರ್‌ವ್ಯೂನಲ್ಲಿ ಕೇಳುವುದೂ ಹೆಚ್ಚೇನಿಲ್ಲ. ಲೈಸೆನ್ಸ್ ಇದೆಯಾ, ಬೈಕ್ ಇದೆಯಾ, ಪರಿಚಯದಲ್ಲಿ ಕಾರು ತಗೊಳ್ಳೋರು ಯಾರಾದ್ರೂ ಇದ್ದಾರಾ. ಈ ಮೂರನೆಯ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ. ಮಾವ, ಚಿಕ್ಕಪ್ಪ, ಅಕ್ಕನ ಗಂಡ ಅಂತ ಮೊದಲ ಒಂದೆರಡು ಕಾರು ಹೋಗಿಬಿಡುತ್ತವೆ. ನೆಂಟರ ಪಟ್ಟಿ ಮುಗಿದ ಮೇಲೆ ನಿಜವಾದ ಕೆಲಸ ಶುರು.

ಮಾತುಕತೆಯ ಕೊನೆಗೆ ಮ್ಯಾನೇಜರ್ ಹೇಳುವುದು ಇಷ್ಟು: “ಫಿಕ್ಸೆಡ್ ಇಷ್ಟು ಕೊಡ್ತೀವಿ, ಅದರ ಮೇಲೆ ಇನ್ಸೆಂಟಿವ್. ಅದಕ್ಕೆ ಮಿತಿ ಇಲ್ಲ.”

ಕಾರು ಮಾರಾಟದಲ್ಲೇ ದುಡಿದು ಈಗ ಬಿಟ್ಟವನು ನಾನು. ಸೇರಬೇಕೋ ಬೇಡವೋ ಎಂದು ಯಾರಾದರೂ ಕೇಳಲು ಬಂದರೆ, ನಿನಗೆ ಮಾತು ಬರುತ್ತದೆಯೇ ಎಂದು ನಾನು ಕೇಳುವುದಿಲ್ಲ. ಮಾತು ಮೂರು ತಿಂಗಳಲ್ಲಿ ಬರುತ್ತದೆ. ಇನ್ಸೆಂಟಿವ್‌ನ ಸ್ಲ್ಯಾಬ್, ಅಂದರೆ ಎಷ್ಟು ಕಾರಿಗೆ ಎಷ್ಟು ದುಡ್ಡು ಎಂಬ ಪಟ್ಟಿ, ನೋಡಿದೆಯಾ ಎಂದು ಕೇಳುತ್ತೇನೆ. ಹೆಚ್ಚಿನವರು ನೋಡಿರುವುದಿಲ್ಲ.

ಲೆಕ್ಕಕ್ಕೆಂದು ಒಂದು ಸ್ಲ್ಯಾಬ್ ಇಟ್ಟುಕೊಳ್ಳೋಣ. ಫಿಕ್ಸೆಡ್ 15,000 ರೂಪಾಯಿ. ತಿಂಗಳಿಗೆ ಮೂರು ಕಾರಿನವರೆಗೆ ಇನ್ಸೆಂಟಿವ್ ಸೊನ್ನೆ. ನಾಲ್ಕರಿಂದ ಆರು ಕಾರು ಕೊಟ್ಟರೆ ಪ್ರತಿ ಕಾರಿಗೆ 1,500. ಏಳು ಮುಟ್ಟಿದರೆ ಏಳಕ್ಕೂ 2,500ರಂತೆ. ಅಂದರೆ ಆರು ಕಾರಿಗೆ 9,000 ಬರುತ್ತದೆ, ಏಳಾದರೆ 17,500. ಒಂದೇ ಒಂದು ಕಾರಿನಿಂದ 8,500 ರೂಪಾಯಿ ವ್ಯತ್ಯಾಸ. ಈಗ ತಿಂಗಳ 30ನೇ ತಾರೀಖು, ನಿಮ್ಮ ಲೆಕ್ಕ ಆರರಲ್ಲಿ ನಿಂತಿದೆ ಅಂದುಕೊಳ್ಳಿ. ಏಳನೆಯ ಗಿರಾಕಿ ಎದುರಿಗೆ ಕೂತು “ಸೀಟ್ ಕವರ್, ಮ್ಯಾಟ್ ಹಾಕ್ಸಿಕೊಡ್ರಿ, ಈಗಲೇ ಡೆಲಿವರಿ ತಗೋತೀನಿ” ಅನ್ನುತ್ತಾನೆ. ಡಿಸ್ಕೌಂಟಿಗೆ ಮ್ಯಾನೇಜರ್ ಒಪ್ಪುವುದಿಲ್ಲ. ಆಗ ಹುಡುಗ ಏನು ಮಾಡುತ್ತಾನೆ? ತನ್ನ ಜೇಬಿನಿಂದಲೇ ಹಾಕುತ್ತಾನೆ. ಬರಲಿರುವ 8,500ರಲ್ಲಿ ಮೂರು ನಾಲ್ಕು ಸಾವಿರ ಮೊದಲೇ ಖರ್ಚಾಯಿತು. ಇದು ಯಾವ ಸ್ಲಿಪ್ಪಿನಲ್ಲೂ ಕಾಣುವುದಿಲ್ಲ. ‘ಹೋದ ತಿಂಗಳು ನಮ್ಮ ಹುಡುಗನಿಗೆ ಇಷ್ಟು ಬಂತು’ ಎಂದು ಮ್ಯಾನೇಜರ್ ತೋರಿಸುವ ಮೊತ್ತದಲ್ಲಿ ಇಂಥ ಖರ್ಚನ್ನು ಕಳೆದಿರುವುದಿಲ್ಲ, ಪೆಟ್ರೋಲಿನ ದುಡ್ಡನ್ನೂ ಕಳೆದಿರುವುದಿಲ್ಲ.

ಇನ್ನೊಂದು ವಿಷಯ. ಬುಕಿಂಗ್ ಆದ ಮಾತ್ರಕ್ಕೆ ಇನ್ಸೆಂಟಿವ್ ಬರುವುದಿಲ್ಲ. ಸಾಮಾನ್ಯವಾಗಿ ಬಿಲ್ ಆಗಿ, ಕಾರು ಗಿರಾಕಿಯ ಕೈಸೇರಿದ ಮೇಲೆಯೇ ಲೆಕ್ಕಕ್ಕೆ ಬರುವುದು. ಗಿರಾಕಿ ಮುಂಗಡ ಕೊಟ್ಟ ಬಣ್ಣ ಫ್ಯಾಕ್ಟರಿಯಿಂದಲೇ ಬರದಿದ್ದರೆ ಕಾಯುವುದು ನಿಮ್ಮ ಪಾಲಿಗೆ.

ಇಲ್ಲಿ ಕ್ಯಾಲೆಂಡರಿನ ಮಾತು ಬರುತ್ತದೆ. ನಮ್ಮ ಕಡೆ ಆಷಾಢದಲ್ಲಿ ಹೊಸ ಗಾಡಿ ಮನೆಗೆ ತರುವವರು ಕಡಿಮೆ. ಫೋನ್ ಮಾಡಿದರೆ “ಆಷಾಢ ಮುಗದ ಮ್ಯಾಲ ಬರ್ತೀವಿ ತಮ್ಮಾ” ಅನ್ನುತ್ತಾರೆ. ಶ್ರಾವಣದಲ್ಲಿ ಸ್ವಲ್ಪ ಜೀವ ಬರುತ್ತದೆ. ಆಮೇಲೆ ಪಿತೃಪಕ್ಷ, ಮತ್ತೆ ಖಾಲಿ. ದಸರೆ, ದೀಪಾವಳಿಗೆ ಊಟಕ್ಕೂ ಪುರುಸೊತ್ತಿಲ್ಲ. ಆಯುಧಪೂಜೆಯ ದಿನ ಡೆಲಿವರಿಗೆ ನಿಂತವನಿಗೆ ಮನೆಯ ಪೂಜೆ ಕಾಣಸಿಗುವುದಿಲ್ಲ. ವರ್ಷದ ಒಟ್ಟು ಆದಾಯವನ್ನು ಹನ್ನೆರಡರಿಂದ ಭಾಗಿಸಿದರೆ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಮನೆ ಬಾಡಿಗೆಯನ್ನು ಯಾರೂ ಸರಾಸರಿಯಲ್ಲಿ ಕೇಳುವುದಿಲ್ಲ.

2025ನ್ನೇ ನೋಡಿ. ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಆಷಾಢ. ಶ್ರಾವಣ ಬಂತು, ವರಮಹಾಲಕ್ಷ್ಮಿ ಹಬ್ಬವೂ ಆಯಿತು, ಇನ್ನೇನು ಜನ ಬರುತ್ತಾರೆ ಅನ್ನುವಾಗ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿ ಜಿಎಸ್‌ಟಿ ಇಳಿಯುತ್ತದೆ ಎಂದರು. ಹೊಸ ದರ ಜಾರಿಗೆ ಬಂದದ್ದು ಸೆಪ್ಟೆಂಬರ್ 22ಕ್ಕೆ. ಸಣ್ಣ ಕಾರುಗಳಿಗೆ 28 ಪ್ರತಿಶತ ಮತ್ತು ಅದರ ಮೇಲಿನ ಸೆಸ್ ಹೋಗಿ 18 ಆಯಿತು. ಅಷ್ಟು ಇಳಿಯುತ್ತದೆ ಎಂದು ಗೊತ್ತಿದ್ದೂ ಯಾರು ಕಾರು ತೆಗೆದುಕೊಳ್ಳುತ್ತಾರೆ? ನಡುವೆ ಗಣೇಶ ಚತುರ್ಥಿ ಬಂದು ಹೋಯಿತು, ಆಮೇಲೆ ಪಿತೃಪಕ್ಷ. 22ಕ್ಕೆ ನವರಾತ್ರಿ ಶುರುವಾಯಿತು, ಜನ ನುಗ್ಗಿದರು. ಆ ವರ್ಷ ದೇಶಕ್ಕೆ ಕಾರು ಮಾರಾಟ ಚೆನ್ನಾಗಿತ್ತು ಎಂದು ಪತ್ರಿಕೆಗಳು ಬರೆದವು, ತಪ್ಪಲ್ಲ. ಆದರೆ ಜುಲೈಯಿಂದ ಸೆಪ್ಟೆಂಬರ್ ನಡುವಿನವರೆಗೆ ಫಿಕ್ಸೆಡ್‌ನಲ್ಲೇ ದಿನ ದೂಡಿದ ಹುಡುಗನ ಶ್ರಮ ಕಡಿಮೆಯಾಗಿರಲಿಲ್ಲ. ಇದು ಮಳೆ ನಂಬಿದ ಬೇಸಾಯ. ಡೀಲರ್ ತನ್ನ ನಷ್ಟದ ಒಂದು ಪಾಲನ್ನು ನಿಮ್ಮ ಹೆಗಲಿಗೂ ಹೊರಿಸಿರುತ್ತಾನೆ. ಕಮಿಷನ್ ಕೆಲಸ ಎಂದರೆ ಅದೇ. ಹೊರಲು ಆಗುತ್ತದೆಯೋ ಇಲ್ಲವೋ ಎಂದು ಮೊದಲೇ ನೋಡಿಕೊಳ್ಳಬೇಕು.

ಸ್ಲ್ಯಾಬಿನಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಇವತ್ತು ಬರೀ ಕಾರಿನ ಮೇಲೆ ಇನ್ಸೆಂಟಿವ್ ಕೊಡುವವರು ವಿರಳ. ಇನ್ಶೂರೆನ್ಸ್ ಇಲ್ಲೇ ಮಾಡಿಸಿದರೆ ಇಷ್ಟು, ಲೋನ್ ಇಲ್ಲೇ ಆದರೆ ಇಷ್ಟು, ಆಕ್ಸೆಸರೀಸ್, ಎಕ್ಸ್‌ಟೆಂಡೆಡ್ ವಾರಂಟಿ, ಹಳೆಯ ಕಾರಿನ ಎಕ್ಸ್‌ಚೇಂಜ್‌ಗೆ ಇಷ್ಟು ಎಂದಿರುತ್ತದೆ. ಡೀಲರಿಗೆ ಇವುಗಳಿಂದಲೂ ಲಾಭ ಬರುವುದರಿಂದ ಅದು ಸಹಜ. ಆದರೆ ಗಿರಾಕಿ ವಿಮೆಯನ್ನು ತನಗೆ ಬೇಕಾದ ಕಡೆ ಮಾಡಿಸಬಹುದು, ಶೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನಿಲ್ಲ. ನಿಮ್ಮ ಇನ್ಸೆಂಟಿವ್‌ನ ಅರ್ಧ ಭಾಗ ಅದಕ್ಕೇ ಅಂಟಿಕೊಂಡಿದ್ದರೆ, “ಸರ್, ಇಲ್ಲೇ ಮಾಡಿಸಬೇಕು, ಇಲ್ಲಾಂದ್ರೆ ಡೆಲಿವರಿ ಲೇಟಾಗುತ್ತೆ” ಎಂದು ಹೇಳುವ ಬಾಯಿ ನಿಮ್ಮದೇ ಆಗುತ್ತದೆ. ಅದು ಸುಳ್ಳು ಎಂದು ನಿಮಗೆ ಗೊತ್ತು, ಒಂದು ವರ್ಷದಲ್ಲಿ ಗಿರಾಕಿಗೂ ಗೊತ್ತಾಗುತ್ತದೆ. ಶೋರೂಮ್ ಎಂಥದ್ದು ಎಂದು ತಿಳಿಯಲು ಗೋಡೆಯ ಮೇಲಿನ ಪ್ರಶಸ್ತಿಗಿಂತ ಈ ಸ್ಲ್ಯಾಬ್ ವಾಸಿ.

ಕಾನೂನಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಕೆಲಸಗಾರನಾಗಿ ಸೇರಿಸಿಕೊಂಡ ಮೇಲೆ, ಒಂದು ಕಾರೂ ಹೋಗದ ತಿಂಗಳಲ್ಲೂ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನ ಕೊಡಲೇಬೇಕು. ಪಿಎಫ್‌ಗೆ ಮೂಲವೇತನದ 12 ಪ್ರತಿಶತ ಹಿಡಿಯುತ್ತಾರೆ, ಅಷ್ಟನ್ನೇ ಮಾಲೀಕರೂ ಹಾಕಬೇಕು. ಇದು ಯಾವುದೂ ಇಲ್ಲದೆ ‘ನೀವು ನಮ್ಮ ಏಜೆಂಟ್’ ಎಂದು ಸಹಿ ಹಾಕಿಸಿಕೊಂಡರೆ ಅದು ನೌಕರಿಯಲ್ಲ, ಸ್ವಂತ ವ್ಯಾಪಾರ. ಹಾಗೆಂದು ತಿಳಿದೇ ಒಪ್ಪಿಕೊಳ್ಳಿ. ಅಂಕಪಟ್ಟಿಯ ಮೂಲಪ್ರತಿ ಕೇಳಿದರೆ ಜೆರಾಕ್ಸ್ ಕೊಟ್ಟು ಬನ್ನಿ. ಕೆಲಸ ಬಿಟ್ಟ ಮೇಲೆ ಬಾಕಿ ಇನ್ಸೆಂಟಿವ್ ಕೊಡುತ್ತಾರೋ ಇಲ್ಲವೋ, ಗಿರಾಕಿ ಆಮೇಲೆ ಕ್ಯಾನ್ಸಲ್ ಮಾಡಿದರೆ ಕೊಟ್ಟದ್ದನ್ನು ವಾಪಸ್ ಹಿಡಿಯುತ್ತಾರೋ, ಬರವಣಿಗೆಯಲ್ಲಿ ಕೇಳಿ.

ಕಂಪನಿ ಕೊಡುವ ಸಿಮ್ಮಿನ ಬಗ್ಗೆಯೂ ಗಮನ ಇರಲಿ. ಎರಡು ವರ್ಷ ಬೆವರು ಸುರಿಸಿ ಕೂಡಿಸಿದ ಗಿರಾಕಿಗಳ ಬಳಗವೆಲ್ಲ ಆ ನಂಬರಿನಲ್ಲಿರುತ್ತದೆ. ಬಿಡುವ ದಿನ ಸಿಮ್ ಅಲ್ಲೇ ಇಟ್ಟು ಬರಬೇಕು. ಬ್ರ್ಯಾಂಡಿನ ಹೆಸರು ನೋಡಿ ಸೇರುವವರು, ಆ ಬ್ರ್ಯಾಂಡೇ ಅಂಗಡಿ ಮುಚ್ಚಿದರೆ ಏನು ಎಂದೂ ಯೋಚಿಸಬೇಕು. ಜನರಲ್ ಮೋಟಾರ್ಸ್ 2017ರಲ್ಲಿ ನಮ್ಮ ದೇಶದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. 2021ರಲ್ಲಿ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುತ್ತೇವೆಂದು ಫೋರ್ಡ್ ಹೇಳಿತು. ಗಿರಾಕಿಗಳೊಂದಿಗೆ ಮುಖಪರಿಚಯ ಉಳಿಸಿಕೊಂಡವರಿಗೆ ಮರುದಿನವೇ ಬೇರೆ ಶೋರೂಮಿನ ಬಾಗಿಲು ತಟ್ಟುವ ಧೈರ್ಯ ಇರುತ್ತದೆ.

ಹಾಗಾದರೆ ಸೇರಬಾರದೇ? ಸೇರಬಹುದು. ಮನೆ ನಡೆಸಲು ಇನ್ನೊಬ್ಬರ ದುಡಿಮೆ ಇದ್ದು, ನಿಮ್ಮ ಖರ್ಚು ಫಿಕ್ಸೆಡ್‌ನಲ್ಲೇ ಮುಗಿಯುವುದಾದರೆ ಈ ಕೆಲಸ ಒಳ್ಳೆಯದು. ಕೂಲಿಂಗ್ ಗ್ಲಾಸ್ ಹಾಕಿ ಬಂದವನು ಬರೀ ನೋಡಿ ಹೋಗುತ್ತಾನೆ, ಹವಾಯಿ ಚಪ್ಪಲಿಯಲ್ಲಿ ಬಂದ ರೈತ ಪೂರ್ತಿ ದುಡ್ಡು ಕಟ್ಟಿ ಕಾರು ಒಯ್ಯುತ್ತಾನೆ. ಯಾರ ಮುಂದೆ ಹೇಗೆ ಕೂರಬೇಕೆಂದು ಇಲ್ಲಿ ಕಲಿತವರು ಬ್ಯಾಂಕಿನ ವಾಹನ ಸಾಲದ ಕಡೆಗೋ ವಿಮೆಯ ಕಡೆಗೋ ಹೋಗಿ ಚೆನ್ನಾಗಿದ್ದಾರೆ. ಮನೆಗೆ ನೀವೊಬ್ಬರೇ ಆಧಾರ, ಮೇಲೆ ಸಾಲದ ಕಂತೂ ಇದೆ ಅಂದರೆ ಮಾತ್ರ ಬೇಡ ಅನ್ನುತ್ತೇನೆ. ಅದೇ ಶೋರೂಮಿನ ಸರ್ವಿಸ್ ವಿಭಾಗದಲ್ಲೋ ಅಕೌಂಟ್ಸ್‌ನಲ್ಲೋ ಜಾಗ ಇದೆಯಾ ಕೇಳಿ.

ಸಹಿ ಹಾಕುವ ಮೊದಲು ಶೋರೂಮಿನ ಹೊರಗಿನ ಚಹಾದಂಗಡಿಯಲ್ಲಿ ಒಂದು ಗಂಟೆ ನಿಲ್ಲಿ. ಯೂನಿಫಾರ್ಮಿನ ಹುಡುಗರು ಅಲ್ಲಿಗೆ ಬಂದೇ ಬರುತ್ತಾರೆ. ಅವರಲ್ಲಿ ಎರಡು ವರ್ಷ ದಾಟಿದವರು ಇದ್ದಾರಾ ನೋಡಿ. ಇದ್ದರೆ, ದಸರೆಯದ್ದು ಬೇಡ, ಆಷಾಢದಲ್ಲಿ ಕೈಗೆ ಎಷ್ಟು ಬಂತು ಅಣ್ಣಾ ಎಂದು ಕೇಳಿ.

ಸೇರುವುದೇ ಎಂದಾದರೆ ಆಷಾಢದಲ್ಲೇ ಸೇರಿ. ಮನೆಯಲ್ಲಿ ಅಮ್ಮ ಬೇಡ ಅನ್ನಬಹುದು, ಸ್ವಲ್ಪ ಒಪ್ಪಿಸಿ. ಗಿರಾಕಿ ಇಲ್ಲದ ತಿಂಗಳಲ್ಲಿ ಹಳಬರಿಗೆ ಕಲಿಸಿಕೊಡಲು ಬಿಡುವಿರುತ್ತದೆ, ಟೆಸ್ಟ್ ಡ್ರೈವ್ ಗಾಡಿಯೂ ಖಾಲಿ ನಿಂತಿರುತ್ತದೆ. ರೋಡ್ ಟ್ಯಾಕ್ಸ್ ಲೆಕ್ಕ, ಕೊಟೇಶನ್ನು, ಎರಡು ಮಾಡೆಲ್‌ಗಳ ವ್ಯತ್ಯಾಸ ಎಲ್ಲವನ್ನೂ ಅಷ್ಟರಲ್ಲಿ ಕಲಿತುಕೊಂಡರೆ, ಶ್ರಾವಣದ ಮೊದಲ ಗಿರಾಕಿ ಬಾಗಿಲು ತಳ್ಳಿ ಬಂದಾಗ ಮ್ಯಾನೇಜರನ್ನು ಕರೆಯದೆ ನೀವೇ ಎದ್ದು ಹೋಗಬಹುದು.

ನಮಸ್ಕಾರ.