ಸೂಚ್ಯಂಕ ಒಂದಾದ ಮೇಲೆ: ಶ್ರೀಮಂತ ದೇಶಗಳ ಶಾಲೆಗಳಲ್ಲಿ ಹೆಣ್ಣುಮಕ್ಕಳ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಜಪಾನ್, ಜರ್ಮನಿ, ಫ್ರಾನ್ಸ್, ದಕ್ಷಿಣ ಕೊರಿಯಾ ಇಂಥ ಯಾವ ಶ್ರೀಮಂತ ದೇಶದ ಪ್ರಾಥಮಿಕ ಶಾಲಾ ದಾಖಲಾತಿಯ ಪಟ್ಟಿ ತೆಗೆದರೂ ಲಿಂಗ ಸಮಾನತೆಯ ಸೂಚ್ಯಂಕ ಒಂದರ ಆಸುಪಾಸಿನಲ್ಲೇ ಇರುತ್ತದೆ. ಇಲ್ಲಿ ಇನ್ನು ಹೇಳುವುದೇನೂ ಉಳಿದಿಲ್ಲ ಎಂದು ಅಲ್ಲಿಗೇ ಪುಟ ಮಗುಚಿಬಿಡುವವರು ಹೆಚ್ಚು. ಆ ಒಂದು ಎಂಬ ಅಂಕಿ ಹೇಗೆ ಹುಟ್ಟುತ್ತದೆ, ಯಾವುದನ್ನು ಕಾಣಿಸುತ್ತದೆ, ಯಾವುದನ್ನು ಮರೆಮಾಡುತ್ತದೆ ಎಂಬುದನ್ನು ಇವತ್ತು ನಿಧಾನವಾಗಿ ನೋಡೋಣ.

ಮೊದಲು ಲೆಕ್ಕ. ಒಂದು ದೇಶದಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನ ಹುಡುಗಿಯರು 2 ಲಕ್ಷ ಇದ್ದಾರೆ ಎಂದಿಟ್ಟುಕೊಳ್ಳಿ. ಅವರಲ್ಲಿ ಶಾಲೆಗೆ ಸೇರಿದವರು 1 ಲಕ್ಷ 94 ಸಾವಿರ, ಅಂದರೆ ನೂರಕ್ಕೆ 97. ಅದೇ ವಯಸ್ಸಿನ ಹುಡುಗರು 2 ಲಕ್ಷ 10 ಸಾವಿರ. ಸೇರಿದವರು 2 ಲಕ್ಷ 5 ಸಾವಿರದ 800, ನೂರಕ್ಕೆ 98. ಹುಡುಗಿಯರ 97ನ್ನು ಹುಡುಗರ 98ರಿಂದ ಭಾಗಿಸಿದರೆ 0.99. ಅದೇ ಸೂಚ್ಯಂಕ. 0.97ರಿಂದ 1.03ರವರೆಗೆ ಬಂದದ್ದನ್ನೆಲ್ಲ ಯುನೆಸ್ಕೋ ಸಮಾನತೆ ಎಂದೇ ಪರಿಗಣಿಸುತ್ತದೆ. ತರಗತಿಗಳಲ್ಲಿ ಹುಡುಗಿಯರು 11 ಸಾವಿರದ 800 ಕಡಿಮೆ ಇದ್ದರೂ ಈ ದೇಶ ಪಾಸು. ಅದರಲ್ಲಿ ತಪ್ಪೂ ಇಲ್ಲ. ಸಹಜವಾಗಿಯೇ 100 ಹೆಣ್ಣು ಶಿಶುಗಳಿಗೆ ಸುಮಾರು 105 ಗಂಡು ಶಿಶುಗಳು ಹುಟ್ಟುತ್ತವೆ. ಹಾಗಾಗಿ ಬರೀ ತಲೆ ಎಣಿಸಿ ತಾರತಮ್ಯವಿದೆ ಎನ್ನಲಾಗದು.

ಎಡವುವುದು ಬೇರೆ ಕಡೆ. ದಾಖಲಾತಿಯನ್ನು ಎರಡು ಬಗೆಯಲ್ಲಿ ಅಳೆಯುತ್ತಾರೆ. ನಿವ್ವಳ ಪ್ರಮಾಣದಲ್ಲಿ ಆಯಾ ವಯಸ್ಸಿನ ಮಕ್ಕಳನ್ನು ಮಾತ್ರ ಎಣಿಸುತ್ತಾರೆ. ಒಟ್ಟು ಪ್ರಮಾಣದಲ್ಲಿ ವಯಸ್ಸು ಎಷ್ಟೇ ಇರಲಿ, ಆ ತರಗತಿಗಳಲ್ಲಿ ಕೂತವರೆಲ್ಲ ಲೆಕ್ಕಕ್ಕೆ ಬರುತ್ತಾರೆ. ನಪಾಸಾಗಿ ಅದೇ ತರಗತಿಯಲ್ಲಿ ಉಳಿದವರೂ ಸೇರುವುದರಿಂದ ಒಟ್ಟು ಪ್ರಮಾಣ ನೂರನ್ನು ದಾಟಬಹುದು. ಮಕ್ಕಳನ್ನು ಅದೇ ತರಗತಿಯಲ್ಲಿ ಉಳಿಸುವ ಪದ್ಧತಿ ಇರುವ ಕಡೆ ಹಾಗೆ ಉಳಿಯುವವರಲ್ಲಿ ಸಾಮಾನ್ಯವಾಗಿ ಹುಡುಗರೇ ಹೆಚ್ಚು. ಹುಡುಗರ ಒಟ್ಟು ಪ್ರಮಾಣ 104, ಹುಡುಗಿಯರದು 102 ಆಯಿತೆನ್ನಿ, ಸೂಚ್ಯಂಕ 0.98ಕ್ಕೆ ಇಳಿಯುತ್ತದೆ. ಒಬ್ಬ ಹುಡುಗಿಯೂ ಶಾಲೆಯ ಹೊರಗೆ ಉಳಿದಿಲ್ಲದಿದ್ದರೂ ಹೆಣ್ಣುಮಕ್ಕಳು ಹಿಂದೆ ಬಿದ್ದಂತೆ ಕಾಣುತ್ತದೆ. ಶ್ರೀಮಂತ ದೇಶಗಳ ಅಂಕಿಗಳನ್ನು ಹೋಲಿಸುವ ಮುನ್ನ, ಕೈಯಲ್ಲಿರುವುದು ನಿವ್ವಳವೋ ಒಟ್ಟೋ ಎಂದು ಕೇಳಿಕೊಳ್ಳಲೇಬೇಕು. ಮನೆಯಲ್ಲೇ ಕಲಿಯುವ ಮಕ್ಕಳ ವಿಷಯವೂ ಹೀಗೆಯೇ, ಅವರನ್ನು ಲೆಕ್ಕಕ್ಕೆ ಹಿಡಿದಿದ್ದಾರೋ ಇಲ್ಲವೋ ಎಂದೂ ಕೇಳಿಕೊಳ್ಳಬೇಕು. ಇಂಗ್ಲೆಂಡ್, ಅಮೆರಿಕಗಳಲ್ಲಿ ಅದಕ್ಕೆ ಅವಕಾಶವುಂಟು, ಜರ್ಮನಿಯಲ್ಲಿ ಸಾಮಾನ್ಯವಾಗಿ ಇಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಈ ಸಮಾನತೆ ಸಿರಿತನದ ಬೆನ್ನಿಗೆ ತಾನಾಗಿ ಬಂದದ್ದೆಂಬ ನಂಬಿಕೆಯಿದೆ. ಜಪಾನಿನ ದಾಖಲೆ ಅದನ್ನು ಒಪ್ಪುವುದಿಲ್ಲ. 1872ರಲ್ಲಿ ಅಲ್ಲಿನ ಮೇಜಿ ಸರ್ಕಾರ ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳೂ ಶಾಲೆಗೆ ಬರಬೇಕೆಂಬ ಶಿಕ್ಷಣ ವ್ಯವಸ್ಥೆಯನ್ನು ಸಾರಿತು. ಮರುವರ್ಷ ನೂರು ಹುಡುಗರಲ್ಲಿ ಸುಮಾರು 40 ಮಂದಿ ಸೇರಿದ್ದರು. ನೂರು ಹುಡುಗಿಯರಲ್ಲಿ 15. ಸೂಚ್ಯಂಕ 0.38. ಎರಡು ದಶಕ ಕಳೆದು 1895ಕ್ಕೆ ಬಂದರೂ ಹುಡುಗರು 77, ಹುಡುಗಿಯರು 44, ಸೂಚ್ಯಂಕ 0.57. ಆಜ್ಞೆ ಇತ್ತು, ಶಾಲೆ ಇತ್ತು, ಹುಡುಗಿಯರು ಮಾತ್ರ ಇರಲಿಲ್ಲ.

ತಡೆಗಳು ಮೂರ್ನಾಲ್ಕು. ಮನೆಯವರು ಶುಲ್ಕ ಕಟ್ಟಬೇಕಿತ್ತು. ಒಬ್ಬರಿಗಷ್ಟೇ ಕಟ್ಟುವ ಶಕ್ತಿಯಿದ್ದರೆ ಮಗನನ್ನು ಕಳಿಸುತ್ತಿದ್ದರು. ಎಳೆಗೂಸನ್ನು ಬೆನ್ನಿಗೆ ಕಟ್ಟಿಕೊಂಡು ನೋಡಿಕೊಳ್ಳುವ ಕೆಲಸ ಎಂಟು ಹತ್ತು ವರ್ಷದ ಹುಡುಗಿಯರದು. ಕೆಲವರು ಬೇರೆಯವರ ಮನೆಯಲ್ಲಿ ಕೂಲಿಗೂ ಅದನ್ನೇ ಮಾಡುತ್ತಿದ್ದರು. ಓದಿದರೆ ಮಗಳಿಗೆ ಏನು ಬಂತು ಎಂಬ ಪ್ರಶ್ನೆ ಬೇರೆ. ಇವಕ್ಕೆ ಒಂದೊಂದಾಗಿ ಮದ್ದು ಹುಡುಕಿದರು. ಕೂಸನ್ನು ಹೊತ್ತುಕೊಂಡೇ ಬಂದು ಕೂರಬಹುದಾದ ಪ್ರತ್ಯೇಕ ತರಗತಿಗಳು ಹುಟ್ಟಿದವು. ಅವುಗಳ ಹೆಸರು ಕೊಮೊರಿ ಶಾಲೆ, ಅಂದರೆ ಮಗು ಆಡಿಸುವವರ ಶಾಲೆ. ಹುಡುಗಿಯರಿಗೆ ಹೊಲಿಗೆ ಕಲಿಸಿ ಎಂದು 1893ರಲ್ಲಿ ಶಿಕ್ಷಣ ಇಲಾಖೆ ಸೂಚಿಸಿತು. ಮನೆಗೆ ಉಪಯೋಗಕ್ಕೆ ಬರುವ ವಿದ್ಯೆ ಸಿಕ್ಕಾಗ ತಂದೆತಾಯಿ ಮೆತ್ತಗಾದರು. 1900ರಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಶುಲ್ಕವನ್ನು ತಾತ್ವಿಕವಾಗಿ ತೆಗೆದುಹಾಕಲಾಯಿತು. 1910ರ ಹೊತ್ತಿಗೆ ಹುಡುಗರು 98ರ ಮೇಲೆ, ಹುಡುಗಿಯರು 97ರ ಮೇಲೆ, ಸೂಚ್ಯಂಕ 0.99ರ ಹತ್ತಿರ. ಆಗ ಜಪಾನ್ ಶ್ರೀಮಂತ ದೇಶವೇನಾಗಿರಲಿಲ್ಲ.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಹೆಸರು ಹಚ್ಚಿದವರೆಲ್ಲ ದಿನಾ ಬರುತ್ತಿರಲಿಲ್ಲ. ದಾಖಲಾತಿಗಿಂತ ಹಾಜರಾತಿ ಸದಾ ಕೆಳಗಿತ್ತು. ಹುಡುಗ ಬೇರೆ ಪಾಠ ಕಲಿಯುವ ಹೊತ್ತಿನಲ್ಲಿ ಹುಡುಗಿ ಸೂಜಿದಾರ ಹಿಡಿದಿದ್ದರೆ, ಸೂಚ್ಯಂಕಕ್ಕೆ ಅದು ತಿಳಿಯುವುದಿಲ್ಲ. ಅದಕ್ಕೆ ಗೊತ್ತಿರುವುದು ದಾಖಲಾತಿ ಪುಸ್ತಕದಲ್ಲಿ ಹೆಸರು ಇದೆಯೋ ಇಲ್ಲವೋ ಅಷ್ಟೇ.

ಇದಕ್ಕಿಂತ ದೊಡ್ಡದೊಂದು ಮರೆ ದಕ್ಷಿಣ ಕೊರಿಯಾದಲ್ಲಿ ಕಾಣುತ್ತದೆ. ಭ್ರೂಣದ ಲಿಂಗ ತಿಳಿಸುವುದನ್ನು 1987ರಲ್ಲೇ ಅಲ್ಲಿ ನಿಷೇಧಿಸಿದ್ದರು. ಆದರೂ 1990ರಲ್ಲಿ 100 ಹೆಣ್ಣು ಶಿಶುಗಳಿಗೆ 116.5 ಗಂಡು ಶಿಶುಗಳು ಹುಟ್ಟಿದವು. ಆ ಮಕ್ಕಳಲ್ಲಿ ಹೆಚ್ಚಿನವರು ಒಂದನೇ ತರಗತಿಗೆ ಕಾಲಿಟ್ಟದ್ದು 1997ರ ಮಾರ್ಚಿನಲ್ಲಿ. ಕೊರಿಯಾ ಶ್ರೀಮಂತ ದೇಶಗಳ ಒಕ್ಕೂಟವಾದ ಓಇಸಿಡಿ ಸೇರಿ ಆಗ ಮೂರು ತಿಂಗಳಾಗಿತ್ತು. ಇಬ್ಬರು ಕೂರುವ ಬೆಂಚಿನಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಜೋಡಿಯಾಗಿ ಕೂರುವುದು ಆಗ ಅಲ್ಲಿನ ರೂಢಿಯಾಗಿತ್ತು. ಎಷ್ಟೋ ಹುಡುಗರಿಗೆ ಪಕ್ಕದಲ್ಲಿ ಕೂರಲು ಹುಡುಗಿಯೇ ಇರಲಿಲ್ಲ. ದಾಖಲಾತಿಯ ಸೂಚ್ಯಂಕದಲ್ಲಿ ಇದರ ಸುಳಿವೇ ಸಿಗದು. ಹುಟ್ಟಿದ ಹುಡುಗಿಯರಲ್ಲಿ ಎಷ್ಟು ಮಂದಿ ಶಾಲೆಗೆ ಬಂದರು ಎಂದಷ್ಟೇ ಅದು ಕೇಳುತ್ತದೆ. ಹುಟ್ಟಲು ಬಿಡದವರು ಭಾಗಿಸುವ ಸಂಖ್ಯೆಯಲ್ಲೇ ಇಲ್ಲ. ಕೊರಿಯಾದ ಜನನ ಅನುಪಾತ ಸಹಜ ಮಟ್ಟಕ್ಕೆ, ಅಂದರೆ ಸುಮಾರು 106ಕ್ಕೆ ಮರಳಿದ್ದು 2007ರ ಹೊತ್ತಿಗೆ.

ನಮ್ಮಲ್ಲಿ ಈ ಅನುಪಾತವನ್ನು ತಿರುಗಿಸಿ, ಸಾವಿರ ಗಂಡಿಗೆ ಎಷ್ಟು ಹೆಣ್ಣು ಎಂದು ಹೇಳುವ ರೂಢಿ. ಹಾಗೆ ನೋಡಿದರೆ ಸಹಜ ಜನನ ಅನುಪಾತ ಸುಮಾರು 952. 1990ರ ಕೊರಿಯಾದ್ದು 858. 2011ರ ಜನಗಣತಿಯಲ್ಲಿ ಆರು ವರ್ಷದವರೆಗಿನ ಮಕ್ಕಳ ಅನುಪಾತ ಕರ್ನಾಟಕದಲ್ಲಿ 948, ಹರಿಯಾಣದಲ್ಲಿ 834. ಆ ಮಕ್ಕಳು ಶಾಲೆಯಲ್ಲಿದ್ದ ವರ್ಷಗಳ ದಾಖಲಾತಿ ಸೂಚ್ಯಂಕ ನಿಮ್ಮ ಕಣ್ಣಿಗೆ ಬಿದ್ದರೆ, ಈ ಅಂಕಿಯನ್ನೂ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ಓದಿ.

ನಮಸ್ಕಾರ.