ಹೆಸರಿಗೊಂದು ಇಂಗ್ಲಿಷ್ ಪ್ರಾಸ

ಆಕಾಶವಾಣಿ ಹಾಸನ ಕೇಂದ್ರದ ಕೇಳುಗರೆಲ್ಲರಿಗೂ ನಮಸ್ಕಾರ.

ಶಾಲೆಯ ವಾರ್ಷಿಕೋತ್ಸವಕ್ಕೋ, ಮಗುವಿನ ಹುಟ್ಟುಹಬ್ಬಕ್ಕೋ, ಹತ್ತನೆಯ ತರಗತಿಯವರ ಬೀಳ್ಕೊಡುಗೆಗೋ ಒಬ್ಬರ ಹೆಸರನ್ನಿಟ್ಟುಕೊಂಡು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಕಟ್ಟುವ ಆಸೆ ನಮ್ಮ ಜಿಲ್ಲೆಯ ಶಿಕ್ಷಕಿಯರಲ್ಲೂ ತಾಯಂದಿರಲ್ಲೂ ಇದೆ. ಪೆನ್ನು ಹಿಡಿದು ಕೂತ ಕೂಡಲೇ ಎದುರಾಗುವ ಪ್ರಶ್ನೆ ಒಂದೇ: ಈ ಹೆಸರಿಗೆ ಪ್ರಾಸವಾಗುವ ಇಂಗ್ಲಿಷ್ ಪದ ಯಾವುದು? ಈ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದೆಂಬುದು ನನ್ನ ಭಾವನೆ. ಮಗು ತನ್ನ ಹೆಸರನ್ನು ಪದ್ಯವೊಂದರಲ್ಲಿ ಕೇಳುವ ಗಳಿಗೆಯಲ್ಲಿ ಆ ಹೆಸರು ಮನೆಯಲ್ಲಿ ಅಮ್ಮ ಕರೆಯುವ ಹಾಗೆಯೇ ಕೇಳಿಸಬೇಕು. ಪ್ರಾಸದ ಸಲುವಾಗಿ ಹೆಸರನ್ನು ತಿರುಚದೆ, ಹೆಸರಿನ ಸಲುವಾಗಿ ಪ್ರಾಸವನ್ನು ಹುಡುಕುವುದು ಹೇಗೆ ಎಂಬುದನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಮೊದಲಿಗೆ, ನಮ್ಮ ಕಿವಿ ಯಾವ ಪ್ರಾಸಕ್ಕೆ ಒಗ್ಗಿದೆ ಎಂಬುದನ್ನು ಗಮನಿಸಬೇಕು. ಹಳೆಯ ಕನ್ನಡ ಕಾವ್ಯದ ಪ್ರಾಸ ಸಾಲಿನ ಆದಿಯಲ್ಲಿ, ಎರಡನೆಯ ಅಕ್ಷರದ ಮೇಲೆ ನಿಲ್ಲುತ್ತದೆ. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ವಾರ್ಧಕ ಷಟ್ಪದಿಯಲ್ಲಿ ಬರೆದಾಗ ಪ್ರತಿ ಪದ್ಯದ ಆರೂ ಸಾಲುಗಳಲ್ಲಿ ಎರಡನೆಯ ಅಕ್ಷರದ ವ್ಯಂಜನವನ್ನು ಒಂದೇ ಆಗಿ ಇರಿಸಿಕೊಂಡು ಹೋದನು. ಆ ನಿಯಮಕ್ಕೆ ಬೇಕಾದದ್ದು ವ್ಯಂಜನದ ಹೊಂದಿಕೆ ಮತ್ತು ಅದರ ಹಿಂದಿನ ಅಕ್ಷರದ ಹ್ರಸ್ವ ದೀರ್ಘಗಳ ಹೊಂದಿಕೆ. ಸ್ವರ ಯಾವುದಾದರೂ ಅಡ್ಡಿಯಿಲ್ಲ. ಹಿಂದಿನ ಅಕ್ಷರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ. ಆದ್ದರಿಂದ ಗೀತಾ ಎಂಬ ಹೆಸರಿಗೆ ಮಾತು, ನೂತನ, ಪ್ರೀತಿ ಇವೆಲ್ಲವೂ ನಮ್ಮ ಛಂದಸ್ಸಿನಲ್ಲಿ ಸಲ್ಲುವ ಪ್ರಾಸಗಳೇ. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಯವರು ಈ ಆದಿಪ್ರಾಸದ ಕಟ್ಟನ್ನು ಬಿಟ್ಟ ಮೇಲೂ, ವ್ಯಂಜನವನ್ನು ಹಿಡಿದು ಹೊಂದಿಸುವ ಅಭ್ಯಾಸ ಕನ್ನಡದ ಕಿವಿಯಿಂದ ಪೂರ್ತಿ ಹೋಗಿಲ್ಲ.

ಇಂಗ್ಲಿಷಿನ ನಿಯಮ ಇದಕ್ಕೆ ಹೆಚ್ಚುಕಡಿಮೆ ವಿರುದ್ಧ ದಿಕ್ಕಿನದು. ಅಲ್ಲಿ ಪದವನ್ನು ನುಡಿಯುವಾಗ ದನಿಯ ಒತ್ತು ಕೊನೆಯದಾಗಿ ಯಾವ ಸ್ವರದ ಮೇಲೆ ಬೀಳುತ್ತದೋ ಆ ಸ್ವರದಿಂದ ಹಿಡಿದು ಪದದ ತುದಿಯವರೆಗೆ ಎಲ್ಲ ಧ್ವನಿಗಳೂ ಒಂದೇ ಆಗಿರಬೇಕು, ಮತ್ತು ಆ ಸ್ವರಕ್ಕೆ ಮುಂಚಿನ ವ್ಯಂಜನ ಬೇರೆಯಾಗಿರಬೇಕು. ಕನ್ನಡದ ಪದಗಳಿಗೆ ಇಂಥ ನಿಶ್ಚಿತ ಒತ್ತು ಇಲ್ಲದಿರುವುದರಿಂದ ನಾವು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ಬಂದನು, ನಿಂದನು ಎಂದು ತುದಿ ಹೊಂದಿಸಿ ಬರೆದು ಬೆಳೆದ ನಾವು ಸಿಂಗಿಂಗ್ ಮತ್ತು ಜಂಪಿಂಗ್ ಎಂಬ ಪದಗಳನ್ನೂ ಪ್ರಾಸವೆಂದು ಎಣಿಸುತ್ತೇವೆ. ಅವುಗಳ ಒತ್ತು ಮೊದಲ ಭಾಗದ ಮೇಲಿದೆ. ಹೊಂದಿರುವುದು ಬಾಲ ಮಾತ್ರ. ಕಿರಣ್ ಎಂಬ ಹೆಸರಿಗೆ ಫನ್, ಸನ್ ಎಂದು ಬರೆದರೂ ಇದೇ ಕೊರತೆ ಉಳಿಯುತ್ತದೆ, ಏಕೆಂದರೆ ಇಂಗ್ಲಿಷ್ ಬಲ್ಲವರು ಆ ಹೆಸರಿನ ಮೊದಲ ಅಕ್ಷರವನ್ನೇ ಒತ್ತಿ ಹೇಳುತ್ತಾರೆ.

ಒತ್ತು ತುದಿಯ ಅಕ್ಷರಕ್ಕೆ ಬೀಳುವ ಹೆಸರುಗಳು ಸುಲಭ, ಮತ್ತು ಹೊಸದಾಗಿ ಬರೆಯುವವರು ಅವುಗಳಿಂದಲೇ ಶುರುಮಾಡುವುದು ಒಳ್ಳೆಯದು. ನವೀನ್ ಎಂಬ ಹೆಸರನ್ನು ತೆಗೆದುಕೊಳ್ಳೋಣ. ಅದರಲ್ಲಿ ಹೊಂದಿಸಬೇಕಾದ ತುಂಡು ‘ಈನ್’. ಈಗ ನಮ್ಮ ವರ್ಣಮಾಲೆ ನೆರವಿಗೆ ಬರುತ್ತದೆ. ಕಕಾರದಿಂದ ಹಕಾರದವರೆಗೆ ಒಂದೊಂದು ವ್ಯಂಜನವನ್ನೂ ಆ ತುಂಡಿನ ಮುಂದಿಟ್ಟು ಬಾಯಿಬಿಟ್ಟು ಹೇಳುತ್ತ ಹೋಗಿ: ಕೀನ್, ಜೀನ್, ಟೀನ್, ಡೀನ್, ಬೀನ್, ಮೀನ್, ಲೀನ್, ಶೀನ್, ಸೀನ್. ಇಷ್ಟೂ ನಿಜವಾದ ಇಂಗ್ಲಿಷ್ ಪದಗಳು. ಆಮೇಲೆ ಒತ್ತಕ್ಷರಗಳ ಸರದಿ: ಕ್ಲೀನ್, ಗ್ರೀನ್, ಕ್ವೀನ್, ಸ್ಕ್ರೀನ್. ಅನಂತರ ದೊಡ್ಡ ಪದಗಳು: ಮಷೀನ್, ಕ್ಯಾಂಟೀನ್, ಎವರ್‌ಗ್ರೀನ್. ಕಾಫಿ ಸೀಮೆಯ ಮಗುವಿನ ಪದ್ಯದಲ್ಲಿ ನವೀನನ ಜೊತೆಗೆ ಗ್ರೀನ್ ಮತ್ತು ಬೀನ್ ಬಂದರೆ ಅದಕ್ಕೊಂದು ಊರಿನ ಗುರುತೂ ಸಿಗುತ್ತದೆ. ಹುರಿಯುವುದಕ್ಕೆ ಮುಂಚಿನ ಕಾಫಿ ಬೀಜಕ್ಕೆ ವ್ಯಾಪಾರದಲ್ಲಿ ಇರುವ ಹೆಸರೂ ಗ್ರೀನ್ ಬೀನ್ ಎಂದೇ. ಇಂಗ್ಲಿಷ್ ಕಲಿಸುವ ಪುಸ್ತಕಗಳು ಎ, ಬಿ, ಸಿ, ಡಿ ಕ್ರಮದಲ್ಲಿ ಹುಡುಕಿರೆಂದು ಹೇಳುತ್ತವೆ. ಉಚ್ಚಾರಣೆಯ ಸ್ಥಾನವನ್ನು ನೋಡಿ ಜೋಡಿಸಿದ ನಮ್ಮ ವರ್ಣಮಾಲೆ ಈ ಕೆಲಸಕ್ಕೆ ಅದಕ್ಕಿಂತ ಮಿಗಿಲಾದದ್ದೆಂದು ನಾನು ದೃಢವಾಗಿ ನಂಬಿದ್ದೇನೆ, ಏಕೆಂದರೆ ಅದು ಕಾಗುಣಿತವನ್ನು ನೆನಪಿಗೆ ತಾರದೆ ಧ್ವನಿಯನ್ನೇ ನಾಲಗೆಗೆ ತರುತ್ತದೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಆಳವಾದ ಕಣಿವೆಯೆಂಬ ಅರ್ಥದ ರವೀನ್ ಎಂಬ ಪದ ನವೀನ್‌ಗೆ ಇನ್ನೂ ಹತ್ತಿರವೆಂದು ತೋರಬಹುದು; ಆದರೆ ಎರಡರಲ್ಲೂ ‘ವೀನ್’ ಎಂಬ ಇಡೀ ತುಂಡು ಮರುಕಳಿಸುವುದರಿಂದ ಇಂಗ್ಲಿಷ್ ಕಿವಿಗೆ ಅದು ಸಪ್ಪೆ. ಕಿಶೋರ್ ಎಂಬುದಕ್ಕೆ ಶೋರ್ ಕೂಡ ಹಾಗೆಯೇ. ಅಲ್ಲಿ ಡೋರ್, ಮೋರ್, ಬಿಫೋರ್ ಮೇಲು.

ಇನ್ನು ಕಾಗುಣಿತದ ಸಮಸ್ಯೆ. ನಮ್ಮ ಊರಿನ ಹೆಸರನ್ನೇ ನೋಡಿ. ಹಾಸನಾಂಬೆಯ ಹಾಸನವನ್ನು ಇಂಗ್ಲಿಷ್ ಫಲಕದಲ್ಲಿ ಓದಿದ ಹೊರಗಿನವರು ಅದನ್ನು ಹಸನ್ ಎಂಬ ವ್ಯಕ್ತಿಯ ಹೆಸರಿನ ಹಾಗೆ ಉಚ್ಚರಿಸುತ್ತಾರೆ, ಏಕೆಂದರೆ ಮೊದಲಿನ ದೀರ್ಘವೂ ಕೊನೆಯ ಅಕಾರವೂ ಆ ಬರಹದಲ್ಲಿ ಕಾಣುವುದಿಲ್ಲ. ಮನುಷ್ಯರ ಹೆಸರುಗಳಿಗೂ ಇದೇ ಆಗುತ್ತದೆ. ವಿಜಯ್ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕಂಡವರಿಗೆ ಡೇ, ಪ್ಲೇ, ರೇ ನೆನಪಾಗುತ್ತವೆ; ಹೆಸರನ್ನು ಕರೆದು ನೋಡಿದರೆ ಅದಕ್ಕೆ ಹೊಂದುವವು ಸ್ಕೈ, ಫ್ಲೈ, ಹೈ. ಪ್ರಕಾಶ್ ಎಂಬುದನ್ನು ಕಣ್ಣಿನಿಂದ ಓದಿ ಕ್ಯಾಶ್, ಸ್ಪ್ಲ್ಯಾಶ್ ಎಂದು ಹೊಂದಿಸುವವರು ಆ ಹುಡುಗನ ಹೆಸರಿನ ಆಕಾರವನ್ನೇ ಕಿತ್ತುಕೊಂಡ ಹಾಗಾಯಿತು. ತಕಾರವಿರುವ ಹೆಸರುಗಳ ವಿಷಯ ಇನ್ನೂ ಸೂಕ್ಷ್ಮ. ಗೀತಾ, ಲತಾ ಎಂದು ಬರೆಯುವಾಗ ನಾವು ದಕ್ಷಿಣದವರು ಟಿ ಅಕ್ಷರದ ಜೊತೆಗೆ ಎಚ್ ಸೇರಿಸುತ್ತೇವೆ, ಟಕಾರವೆಂದು ಯಾರೂ ಓದದಿರಲಿ ಎಂದು. ಇಂಗ್ಲಿಷರೋ ಅದನ್ನು ‘ಥಿಂಕ್’ ಎಂಬ ಪದದ ಮೊದಲ ಧ್ವನಿಯಂತೆ ಓದುತ್ತಾರೆ. ನಮ್ಮ ಹಲ್ಲಿನ ತಕಾರ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ಅವರ ಟಕಾರ ಹಲ್ಲಿನ ಹಿಂದಿನ ಒಸಡಿನಿಂದ ಹುಟ್ಟುವಂಥದ್ದು, ನಮ್ಮ ಕಿವಿಗೆ ಅದು ಟಕಾರವೆಂದೇ ಕೇಳುತ್ತದೆ. ಹೀಗಾಗಿ ಗೀತಾ ಮತ್ತು ಚೀಟಾ ಲಂಡನ್ನಿನವರಿಗೆ ಪೂರ್ಣ ಪ್ರಾಸ, ಹಾಸನದವರಿಗೆ ಸ್ವಲ್ಪ ಕುಂದಿದ ಪ್ರಾಸ. ನಾನಾದರೆ ಆ ಕುಂದನ್ನು ಒಪ್ಪಿಕೊಂಡು ಹೆಸರಿನ ತಕಾರವನ್ನು ತಕಾರವಾಗಿಯೇ ಓದಿಸುತ್ತೇನೆ. ಚಿರತೆಯ ಜಾತಿಯ ಆ ಪ್ರಾಣಿ ಓಡಿ ಬಂದರೆ ಮಕ್ಕಳಿಗೆ ಸಂತೋಷವೇ ಆಗುತ್ತದೆ.

ಗೀತಾಳ ಜೊತೆಗೆ ಸ್ವೀಟರ್, ಹೀಟರ್, ಮೀಟರ್ ಎಂಬವನ್ನೂ ಪುಸ್ತಕಗಳು ಸೂಚಿಸಬಹುದು. ಇಂಗ್ಲೆಂಡಿನ ಪ್ರಮಾಣ ಉಚ್ಚಾರಣೆಯಲ್ಲಿ ಪದದ ತುದಿಯ ರಕಾರ ಕೇಳಿಸುವುದಿಲ್ಲ, ಹಾಗಾಗಿ ಅಲ್ಲಿ ದೀಪಾ ಮತ್ತು ಕೀಪರ್, ರೂಪಾ ಮತ್ತು ಸೂಪರ್, ಮೀನಾ ಮತ್ತು ಕ್ಲೀನರ್ ಚೆನ್ನಾಗಿ ಹೊಂದುತ್ತವೆ. ರಮಾ ಎಂಬ ಹೆಸರಿಗೆ ಸಮ್ಮರ್ ಕೂಡ ಅಲ್ಲಿ ಸಲ್ಲುತ್ತದೆ. ಅಮೆರಿಕದವರು ಆ ರಕಾರವನ್ನು ನುಡಿಯುತ್ತಾರೆ. ನಾವಂತೂ ಅದನ್ನು ಇನ್ನೂ ಸ್ಪಷ್ಟವಾಗಿ ನುಡಿಯುತ್ತೇವೆ. ಅರಸೀಕೆರೆಯ ಶಾಲೆಯೊಂದರ ವೇದಿಕೆಯ ಮೇಲೆ ನಿಂತ ಮಗು ಸೂಪರ್ ಎಂಬ ಪದವನ್ನು ರಕಾರವಿಲ್ಲದೆ ಹೇಳುವುದಿಲ್ಲ, ಹೇಳಬೇಕೆಂದು ಒತ್ತಾಯಿಸುವುದೂ ಸಲ್ಲದು. ಪದ್ಯವನ್ನು ಯಾರು ಓದುತ್ತಾರೆ, ಯಾರು ಕೇಳುತ್ತಾರೆ ಎಂಬುದನ್ನು ಮೊದಲೇ ತಿಳಿದು, ಆ ಬಾಯಿಗೆ ಹೊಂದುವ ಪದವನ್ನೇ ಆರಿಸಬೇಕು. ಮೀನಾಳಿಗೆ ಅರೀನಾ ಇದೆ, ಹಯೀನಾ ಇದೆ; ಎರಡೂ ಎಲ್ಲ ಉಚ್ಚಾರಣೆಗಳಲ್ಲೂ ನಿಲ್ಲುವ ಪದಗಳು, ಆದರೆ ಕತ್ತೆಕಿರುಬವನ್ನು ಪದ್ಯಕ್ಕೆ ಕರೆಯುವ ಮೊದಲು ಮೀನಾಳನ್ನು ಒಂದು ಮಾತು ಕೇಳುವುದು ನ್ಯಾಯ.

ಅರ್ಥದ ವಿಷಯ ಇಲ್ಲಿಗೆ ತಾನಾಗಿ ಬಂತು. ಗೌರಿ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ ಅತ್ಯಂತ ನಿಖರವಾದ ಪ್ರಾಸ ಡೌರಿ, ಅಂದರೆ ವರದಕ್ಷಿಣೆ. ಧ್ವನಿಯಲ್ಲಿ ಕೂದಲೆಳೆಯಷ್ಟೂ ಕೊರತೆಯಿಲ್ಲದ ಈ ಜೋಡಿಯನ್ನು ಹೆಣ್ಣುಮಗುವಿನ ಹುಟ್ಟುಹಬ್ಬದ ಪದ್ಯದಲ್ಲಿ ನಾನು ಎಂದಿಗೂ ಬರೆಯಲಾರೆ, ಬರೆದವರನ್ನು ತಡೆಯದೆ ಇರಲಾರೆ. ಅದರ ಬದಲಿಗೆ ಕೌರಿ ಇದೆ, ನಮ್ಮ ಪಗಡೆಯಾಟದ ಕವಡೆ; ಭಾರತೀಯ ಭಾಷೆಯಿಂದಲೇ ಇಂಗ್ಲಿಷಿಗೆ ಹೋದ ಪದ. ಗೌರಿ ಸಮುದ್ರದ ದಂಡೆಯಲ್ಲಿ ಕವಡೆ ಆರಿಸುವ ಚಿತ್ರ ಪದ್ಯಕ್ಕೂ ಚೆಂದ, ಮಗುವಿಗೂ ಚೆಂದ. ಇನ್ನು ರವಿ ಎಂಬ ಹೆಸರಿಗೆ ದೊರಕುವ ಪ್ರಾಸ ನನಗೆ ಬಹಳ ಪ್ರಿಯವಾದದ್ದು. ಕೌಜುಗದಂಥ ನೆಲಹಕ್ಕಿಗಳ ಚಿಕ್ಕ ಗುಂಪಿಗೆ ಇಂಗ್ಲಿಷಿನಲ್ಲಿ ಇರುವ ಪದವನ್ನು ನುಡಿದರೆ ಅದು ಕನ್ನಡದ ‘ಕವಿ’ಯಂತೆಯೇ ಕೇಳುತ್ತದೆ. ರವಿ ಕಾಣದ್ದನ್ನು ಕವಿ ಕಂಡ ಎಂಬ ಗಾದೆಯ ಜೋಡಿ ಇಂಗ್ಲಿಷಿನಲ್ಲೂ ಹೀಗೆ ಹಕ್ಕಿಗಳ ರೂಪದಲ್ಲಿ ಸಿಗುತ್ತದೆ. ಆದರೆ ಆ ಹೆಸರನ್ನು ಪರದೇಶದವರಂತೆ ರಾವಿ ಎಂದು ಎಳೆದರೆ ಈ ಸಂಪತ್ತು ಕೈತಪ್ಪುತ್ತದೆ.

ಹುಡುಕುವ ಸಾಧನಗಳ ಬಗ್ಗೆ ಒಂದೆರಡು ಮಾತು. ನಟನೂ ವಾಚನಕಲೆಯ ಗುರುವೂ ಆಗಿದ್ದ ಜಾನ್ ವಾಕರ್ 1775ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಜೋಡಿಸಿದ್ದನು. ಕಾಗುಣಿತವನ್ನು ಅನುಸರಿಸಿದ ಆ ಕ್ರಮದಲ್ಲಿ ಒಂದೇ ಬಗೆಯಾಗಿ ಬರೆದು ಬೇರೆ ಬೇರೆಯಾಗಿ ನುಡಿಯುವ ಪದಗಳೂ ಒಟ್ಟಿಗೆ ಕೂರುತ್ತವೆ. ಈಗಿನ ಕಂಪ್ಯೂಟರುಗಳಿಗೆ ಆಧಾರವಾಗಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಣಾ ನಿಘಂಟು. ಅದರಲ್ಲಿ 1,30,000ಕ್ಕೂ ಹೆಚ್ಚು ಪದಗಳ ಉಚ್ಚಾರಣೆಯನ್ನು 39 ಧ್ವನಿಸಂಕೇತಗಳಲ್ಲಿ ಬರೆದು, ಒತ್ತು ಎಲ್ಲಿದೆಯೆಂಬುದನ್ನು ಅಂಕೆಗಳಿಂದ ಗುರುತಿಸಿದ್ದಾರೆ. ಅದು ಅಮೆರಿಕದ ಉಚ್ಚಾರಣೆಯಾದ್ದರಿಂದ ಕೀಪರ್‌ಗೆ ದೀಪಾಳನ್ನು ಅದು ಜೊತೆಮಾಡುವುದಿಲ್ಲ. ನಮ್ಮ ಎಷ್ಟೋ ಹೆಸರುಗಳು ಅಂಥ ಪಟ್ಟಿಗಳಲ್ಲಿ ಇರುವುದಿಲ್ಲ. ಆಗ ಒಂದು ಉಪಾಯ ಮಾಡಬಹುದು: ಹೆಸರನ್ನು ಬಿಟ್ಟು, ಅದೇ ತುದಿಯುಳ್ಳ ಒಂದು ಇಂಗ್ಲಿಷ್ ಪದವನ್ನು ಕೊಟ್ಟು ಹುಡುಕಬೇಕು. ಸತೀಶ್ ಎಂಬ ಹೆಸರಿಗೆ, ನಾಯಿಯ ಕೊರಳ ಹಗ್ಗವೆಂಬ ಅರ್ಥದ ಲೀಶ್ ಎಂದು ಕೊಟ್ಟರೆ ಅದರ ಬಳಗವೆಲ್ಲ ಬರುತ್ತದೆ, ಆ ಬಳಗ ಸಣ್ಣದೇ ಆದರೂ.

ಎಷ್ಟು ಹುಡುಕಿದರೂ ಪ್ರಾಸ ಸಿಗದ ಹೆಸರುಗಳೂ ಇವೆ: ಲಕ್ಷ್ಮಿ, ಕೃಷ್ಣ, ಪೃಥ್ವಿ, ಸ್ಫೂರ್ತಿ. ಇಲ್ಲಿ ಇಂಗ್ಲಿಷ್ ಕವಿಗಳು ಹಿಡಿದ ಒಂದು ದಾರಿಯೆಂದರೆ ಎರಡು ಪದಗಳನ್ನು ಸೇರಿಸಿ ಒಂದು ಹೆಸರಿಗೆ ಹೊಂದಿಸುವುದು. 1819ರಲ್ಲಿ ಬೈರನ್ ತನ್ನ ಕಥಾನಾಯಕ ಡಾನ್ ಹ್ವಾನನ ಹೆಸರನ್ನು ನ್ಯೂ ಒನ್, ಟ್ರೂ ಒನ್ ಎಂಬ ಜೋಡಿಪದಗಳಿಗೆ ಹೊಂದಿಸಿದನು. ಹಾಗೆ ಹೊಂದಬೇಕಾದರೆ ಸ್ಪೇನಿನವರ ಹ್ವಾನ್ ಎಂಬುದನ್ನು ಜೂಅನ್ ಎಂದು ಓದಲೇಬೇಕು. ಕಾವ್ಯದ ನಾಯಕನಿಗೆ ಈ ಸ್ವಾತಂತ್ರ್ಯ ಸಲ್ಲುತ್ತದೆ. ತರಗತಿಯ ಮೂರನೆಯ ಬೆಂಚಿನಲ್ಲಿ ಕೂತು ತನ್ನ ಹೆಸರಿಗಾಗಿ ಕಾಯುವ ಮಗುವಿಗೆ ಇದನ್ನು ಮಾಡಬಾರದು. ಲಕ್ಷ್ಮಿಗೆ ಟ್ಯಾಕ್ಸ್ ಮೀ, ಆಸ್ಕ್ಸ್ ಮೀ ಎಂದೆಲ್ಲ ಕಟ್ಟಿದ ಪ್ರಾಸದಲ್ಲಿ ಹೆಸರಿನ ಕ್ಷಕಾರ ಸತ್ತುಹೋಗುತ್ತದೆ.

ಇಂಥ ಹೆಸರುಗಳನ್ನು ಸಾಲಿನ ತುದಿಯಿಂದ ಎತ್ತಿ ಸಾಲಿನ ಮೊದಲಿಗೆ ಇಡುವುದು ನನ್ನ ಸಲಹೆ. ತುದಿಯ ಪ್ರಾಸವನ್ನು ಬೇರೆ ಸುಲಭ ಪದಗಳು ಹೊರಲಿ. ಹೆಸರಿನ ಮೊದಲ ಧ್ವನಿಯನ್ನು ಹಿಡಿದು ಅದೇ ಸಾಲಿನಲ್ಲಿ ಇನ್ನೆರಡು ಪದಗಳನ್ನು ತಂದರೆ ಸಾಕು. ಬಹು ಹಿಂದಿನ ಇಂಗ್ಲಿಷ್ ಕಾವ್ಯವು ನಿಂತದ್ದು ತುದಿಯ ಪ್ರಾಸದ ಮೇಲಲ್ಲ, ಹೀಗೆ ಪದಗಳ ಮೊದಲ ಧ್ವನಿಯನ್ನು ಮರುಕಳಿಸುವ ಕ್ರಮದ ಮೇಲೆಯೇ. ಆದಿಪ್ರಾಸದ ನಾಡಿನವರಾದ ನಮಗೆ ಸಾಲಿನ ಮೊದಲಲ್ಲಿ ಕಿವಿಯಿಡುವುದು ಹೊಸತೇನೂ ಅಲ್ಲ. ಸ್ಫೂರ್ತಿಯನ್ನು ಹೆಚ್ಚಿನವರು ಕರೆಯುವುದು ಸ್ಪೂರ್ತಿ ಎಂದು. ಅವಳ ಸಾಲಿಗೆ ಸ್ಪ್ಯಾರೋ ಬರಲಿ, ಸ್ಪ್ರಿಂಗ್ ಬರಲಿ, ತುದಿಯಲ್ಲಿ ವಿಂಗ್ ಮತ್ತು ಸಿಂಗ್ ನಿಲ್ಲಲಿ. ಕೃಷ್ಣನಿಗೆ ಕ್ರೆಸೆಂಟ್, ಕ್ರೇನ್, ಕ್ರಿಸ್ಟಲ್ ಇವೆ. ಪೃಥ್ವಿಗೆ ಪ್ರೈಡ್, ಪ್ರೇರಿ, ಪ್ರಿಮ್‌ರೋಸ್ ಇವೆ. ಬರೆದಾದ ಮೇಲೆ, ಆ ಮಗುವಿನ ಎದುರಿಗೇ ಒಮ್ಮೆ ಗಟ್ಟಿಯಾಗಿ ಓದಿ ತೋರಿಸಿ, ತನ್ನ ಹೆಸರು ಸರಿಯಾಗಿ ಬಂದಿದೆಯೇ ಎಂದು ಅದನ್ನೇ ಕೇಳಿ. ಇಲ್ಲವೆಂದು ಮಗು ತಲೆಯಾಡಿಸಿದರೆ ಆ ಸಾಲನ್ನು ಹೊಡೆದುಹಾಕಿ ಇನ್ನೊಂದನ್ನು ಬರೆಯಿರಿ.

ನಮಸ್ಕಾರ.